ಡಿಸ್ಚಾರ್ಜ್ ಕಾಗದ ಹೇಗೆ ಪಡೆಯಬೇಕು, ಹೇಗೆ ಓದಬೇಕು: ರೋಗಿ ಮತ್ತೆ ಅಡ್ಮಿಟ್ ಆಗದಿರಲು ಹಂತ ಹಂತದ ಮಾರ್ಗದರ್ಶಿ

ಡಿಸ್ಚಾರ್ಜ್ ದಿನ ಬಹಳಷ್ಟು ಮನೆಯವರು ಓಡಾಡುವ ಕ್ರಮ ಒಂದೇ. ಮೊದಲು ಬಿಲ್ ಕೌಂಟರ್, ಆಮೇಲೆ ಔಷಧಿ ಅಂಗಡಿ, ಆಮೇಲೆ ಗಾಡಿ. ಹೊರಡುವ ಹೊತ್ತಿಗೆ ನರ್ಸ್ ಒಂದು ಫೈಲ್ ಕೈಗಿಟ್ಟು ಎರಡು ಮಾತು ಹೇಳುತ್ತಾರೆ. ನಾವು ತಲೆಯಾಡಿಸಿ, ಸಹಿ ಹಾಕಿ ಹೊರಟುಬಿಡುತ್ತೇವೆ. ಆ ಫೈಲ್ ಮತ್ತೆ ತೆರೆಯುವುದು ಜ್ವರ ಬಂದಾಗ, ಇಲ್ಲವೇ ನಡುರಾತ್ರಿ ಉಸಿರಾಡಲು ಕಷ್ಟವಾದಾಗ.

ಎಡವಟ್ಟು ಶುರುವಾಗುವುದೇ ಈ ಕ್ರಮದಿಂದ. ಆಸ್ಪತ್ರೆಯಲ್ಲಿ ಪಾಳಿ ಪ್ರಕಾರ ನರ್ಸ್‌ಗಳು ಮಾಡುತ್ತಿದ್ದ ಕೆಲಸವೆಲ್ಲ ಆ ದಿನದಿಂದ ಮನೆಯವರ ಪಾಲಿಗೆ ಬರುತ್ತದೆ. ಯಾವ ಕೆಲಸ ಅಂತ ಹೇಳುವ ಕಾಗದವೇ ಡಿಸ್ಚಾರ್ಜ್ ಸಮ್ಮರಿ. ಅದರ ಪ್ರತಿಯೊಂದು ಸೂಚನೆಗೂ ಮೂರು ಪ್ರಶ್ನೆ ಹಾಕಿ: ಯಾರು ಮಾಡಬೇಕು? ಯಾವ ದಿನ? ಎಷ್ಟು? ಉತ್ತರ ಸಿಗದ ಸಾಲು ಒಂದಿದ್ದರೂ ಸಹಿ ಹಾಕುವ ಮೊದಲೇ ಕೇಳಿ.

ಕೆಲವರು ಎಲ್ಲ ಸರಿಯಾಗಿ ಮಾಡಿದರೂ ಕಾಯಿಲೆಯೇ ಉಲ್ಬಣಿಸಿ ವಾಪಸ್ ಹೋಗಬೇಕಾಗುತ್ತದೆ. ಅದು ಯಾರ ತಪ್ಪೂ ಅಲ್ಲ. ಇಲ್ಲಿ ಹೇಳುತ್ತಿರುವುದು ಮಾತ್ರೆ ಅದಲುಬದಲಾಗಿ, ರಿಪೋರ್ಟ್ ಮರೆತು, ಲಕ್ಷಣ ಗೊತ್ತಾಗದೆ ಆಗುವ ಅಡ್ಮಿಷನ್‌ಗಳ ಬಗ್ಗೆ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಪೆನ್ನು, ಕ್ಯಾಮೆರಾ ಇರುವ ಫೋನ್, ಕಾಗದ ಇಡಲು ಒಂದು ಫೈಲ್. ಮನೆಯಲ್ಲಿ ಥರ್ಮಾಮೀಟರ್. ಬಿಪಿ, ಶುಗರ್ ಅಥವಾ ಹೃದಯದ ತೊಂದರೆ ಇದ್ದರೆ ಬಿಪಿ ಮೆಷಿನ್, ಗ್ಲುಕೋಮೀಟರ್, ತೂಕದ ಯಂತ್ರ, ಇವುಗಳಲ್ಲಿ ಯಾವುದು ಬೇಕೋ ಅದು.

ಇದಕ್ಕಿಂತ ಮುಖ್ಯವಾದದ್ದು ಎರಡು. ಒಂದು, ರೋಗಿ ಅಡ್ಮಿಟ್ ಆಗುವ ಮೊದಲು ತೆಗೆದುಕೊಳ್ಳುತ್ತಿದ್ದ ಎಲ್ಲ ಔಷಧಿ, ಅವುಗಳ ಸ್ಟ್ರಿಪ್ ಸಮೇತ. ಕಣ್ಣಿನ ಹನಿ, ಇನ್ಹೇಲರ್, ಗಿಡಮೂಲಿಕೆ ಪುಡಿ, ವಿಟಮಿನ್ ಮಾತ್ರೆ, ಏನನ್ನೂ ಬಿಡಬೇಡಿ. ಇನ್ನೊಂದು, ಜೊತೆಗೆ ಕೂತು ಕೇಳಿಸಿಕೊಳ್ಳಲು ಒಬ್ಬರು. ಮನೆಯಲ್ಲಿ ನಿಜವಾಗಿ ಮಾತ್ರೆ ಕೊಡುವವರೇ ಅವರಾಗಿರಲಿ. ಬಿಲ್ ಕಟ್ಟುವವರು ಬೇರೆ, ಮಾತ್ರೆ ಕೊಡುವವರು ಬೇರೆ ಆದರೆ ಹೇಳಿದ ಅರ್ಧ ವಿಷಯ ದಾರಿಯಲ್ಲೇ ಕಳೆದುಹೋಗುತ್ತದೆ.

## ಹಂತ 1: ಹಿಂದಿನ ದಿನವೇ ಕರಡು ಕೇಳಿ

"ನಾಳೆ ಕಳಿಸಬಹುದು" ಅಂತ ಡಾಕ್ಟರ್ ಹೇಳಿದ ಕೂಡಲೇ ಸಮ್ಮರಿಯ ಕರಡು ಯಾವಾಗ ಸಿಗುತ್ತದೆ ಅಂತ ಕೇಳಿ. ಬಹಳ ಕಡೆ ಇದನ್ನು ಬರೆಯುವವರು ಡ್ಯೂಟಿ ಡಾಕ್ಟರ್. ಹೊರಡುವ ಗಡಿಬಿಡಿಯಲ್ಲಿ ತಿದ್ದಿಸುವುದಕ್ಕಿಂತ ಹಿಂದಿನ ಸಂಜೆ ತಿದ್ದಿಸುವುದು ಅವರಿಗೂ ಸುಲಭ, ನಿಮಗೂ ಸುಲಭ.

ಅದೇ ಸಂಜೆ ಇನ್ನೊಂದು ಪರೀಕ್ಷೆ ಮಾಡಿ. ರೋಗಿ ಹಾಸಿಗೆಯಿಂದ ಎದ್ದು ಬಚ್ಚಲುಮನೆಗೆ ಹೋಗಿ ಬರಬಲ್ಲರಾ? ಊಟ ಸೇರುತ್ತಿದೆಯಾ? ಮೂತ್ರ ಸರಿಯಾಗಿ ಆಗುತ್ತಿದೆಯಾ? ಮನೆಗೆ ಮೆಟ್ಟಿಲು ಹತ್ತಬೇಕಿದ್ದರೆ ಫಿಸಿಯೋಥೆರಪಿಸ್ಟ್ ಮುಂದೆ ಒಮ್ಮೆ ಹತ್ತಿಸಿ ನೋಡಿ. ಆಗದಿದ್ದರೆ ಡಾಕ್ಟರಿಗೆ ಈಗಲೇ ಹೇಳಬೇಕು.

ಆಕ್ಸಿಜನ್ ಮೆಷಿನ್, ವಾಕರ್, ನೆಬುಲೈಸರ್, ಕಮೋಡ್ ಕುರ್ಚಿ ಬೇಕಿದ್ದರೆ ಅವು ರೋಗಿಗಿಂತ ಮೊದಲೇ ಮನೆಗೆ ಬಂದಿರಬೇಕು. ರೋಗಿ ಮನೆಗೆ ಬಂದ ಮೇಲೆ ಹುಡುಕಲು ಹೊರಟರೆ ಮೊದಲ ರಾತ್ರಿಯೇ ಪರದಾಟ.

## ಹಂತ 2: ಸಮ್ಮರಿಯನ್ನು ಈ ಕ್ರಮದಲ್ಲಿ ಓದಿ

ಮೊದಲ ಪುಟದಿಂದ ಓದುತ್ತಾ ಹೋದರೆ ನಡುವಿನಲ್ಲಿ ಕಳೆದುಹೋಗುತ್ತೀರಿ. ಆಸ್ಪತ್ರೆಯಲ್ಲಿ ಏನೇನಾಯಿತು ಅನ್ನುವ ಉದ್ದದ ಭಾಗ ಕೊನೆಗಿರಲಿ. ಮೊದಲು ಇವನ್ನು ನೋಡಿ.

ಹೆಸರು, ವಯಸ್ಸು, ಆಸ್ಪತ್ರೆಯ ರಿಜಿಸ್ಟ್ರೇಷನ್ ನಂಬರ್, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ. ಇಲ್ಲಿ ಒಂದು ಅಕ್ಷರ ತಪ್ಪಿದರೂ ವಿಮೆಯ ಹಣ ತಡವಾಗಬಹುದು.

ಎಡ, ಬಲ. ಆಪರೇಷನ್ ಆದ ಕಾಲು ಯಾವುದು, ಕಣ್ಣು ಯಾವುದು, ಕಿಡ್ನಿ ಯಾವುದು? ಹಳೆಯ ಸಮ್ಮರಿಯನ್ನು ನಕಲು ಮಾಡಿ ತಿದ್ದುವಾಗ ಇಂಥ ತಪ್ಪು ಸುಲಭವಾಗಿ ನುಸುಳುತ್ತದೆ.

ಅಲರ್ಜಿ. ಆಸ್ಪತ್ರೆಯಲ್ಲಿದ್ದಾಗ ಯಾವುದಾದರೂ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿತ್ತಾ? ಹಾಗಿದ್ದರೆ ಆ ಔಷಧಿಯ ಹೆಸರು ಸಮ್ಮರಿಯಲ್ಲಿ ಇರಲೇಬೇಕು. "ಅಲರ್ಜಿ ಇಲ್ಲ" ಅಂತ ಬರೆದಿದ್ದರೆ ತಿದ್ದಿಸಿ. ಮುಂದಿನ ಬಾರಿ ಎಮರ್ಜೆನ್ಸಿಯಲ್ಲಿ ನಿಮ್ಮನ್ನು ಕೇಳಲು ಸಮಯ ಇಲ್ಲದಿರಬಹುದು.

ಹೊರಡುವಾಗಿನ ಸ್ಥಿತಿ. "ಸ್ಥಿರವಾಗಿದ್ದಾರೆ" ಅಂತ ಒಂದೇ ಪದ ಇದ್ದರೆ ಅದರಿಂದ ನಿಮಗೆ ಏನೂ ಉಪಯೋಗ ಇಲ್ಲ. ಆ ದಿನದ ಬಿಪಿ, ನಾಡಿ, ಆಕ್ಸಿಜನ್ ಮಟ್ಟ ಬರೆಸಿಕೊಳ್ಳಿ. ಶುಗರ್ ಇದ್ದವರು ಶುಗರ್, ಕಿಡ್ನಿ ತೊಂದರೆ ಇದ್ದವರು ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತಪರೀಕ್ಷೆ), ಹೃದಯ ವೈಫಲ್ಯ (ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದ ಸ್ಥಿತಿ) ಇದ್ದವರು ತೂಕವನ್ನೂ ಸೇರಿಸಿಕೊಳ್ಳಿ. ಮನೆಯಲ್ಲಿ ಅಳೆದ ಸಂಖ್ಯೆ ಹೆಚ್ಚೋ ಕಡಿಮೆಯೋ ಅಂತ ಹೋಲಿಸಿ ನೋಡಲು ಇವು ಬೇಕು.

ಇಷ್ಟಾದ ಮೇಲೆ ಕಾಯಿಲೆಯ ಹೆಸರು, ಮಾಡಿದ ಚಿಕಿತ್ಸೆ ಓದಿ. ಅರ್ಥವಾಗದ ಪದಕ್ಕೆ ಗೆರೆ ಎಳೆದು ರೌಂಡ್ಸ್ ಹೊತ್ತಿಗೆ ಕೇಳಿ.

## ಹಂತ 3: ಮಾತ್ರೆಗಳ ಲೆಕ್ಕ

ಅತಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ.

ಮನೆಯಿಂದ ತಂದ ಹಳೆಯ ಮಾತ್ರೆ ಮತ್ತು ಹೊಸ ಚೀಟಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ಮೊದಲಿನಂತೆ ಮುಂದುವರಿಸುವುದು, ಡೋಸ್ ಬದಲಾಗಿರುವುದು, ಹೊಸದು, ನಿಲ್ಲಿಸುವುದು. ಪ್ರತಿ ಮಾತ್ರೆಯೂ ಈ ನಾಲ್ಕರಲ್ಲಿ ಒಂದರೊಳಗೆ ಬರಬೇಕು.

ಯಾವ ಕಾಲಂಗೂ ಸೇರದ ಮಾತ್ರೆ ಉಳಿದರೆ ಅದೇ ಅಪಾಯ. ಸಾಮಾನ್ಯವಾಗಿ ಅದು ಹಳೆಯ ಮಾತ್ರೆ. ಹೊಸ ಚೀಟಿಯಲ್ಲಿ ಅದರ ಹೆಸರಿಲ್ಲ, ಆದರೆ ನಿಲ್ಲಿಸಿ ಅಂತಲೂ ಬರೆದಿಲ್ಲ. ಕೆಲವರು ಅದನ್ನು ಬಿಟ್ಟುಬಿಡುತ್ತಾರೆ, ಕೆಲವರು ಮುಂದುವರಿಸುತ್ತಾರೆ. ಎರಡೂ ಊಹೆಯೇ ಅಲ್ವಾ? "ಈ ಮಾತ್ರೆ ಏನು ಮಾಡಬೇಕು?" ಅಂತ ಸ್ಟ್ರಿಪ್ ತೋರಿಸಿ ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ಮಾತ್ರೆಯ ವಿಷಯದಲ್ಲಿ ಪದೇ ಪದೇ ಆಗುವ ತಪ್ಪುಗಳು ಇವು.

ಒಂದೇ ಔಷಧಿ, ಎರಡು ಬ್ರ್ಯಾಂಡ್. ಮನೆಯಲ್ಲಿ ಒಂದು ಕಂಪನಿಯ ಬಿಪಿ ಮಾತ್ರೆ, ಆಸ್ಪತ್ರೆ ಕೊಟ್ಟಿದ್ದು ಇನ್ನೊಂದು ಕಂಪನಿಯದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವುದು ಒಂದೇ. ಎರಡನ್ನೂ ನುಂಗಿದರೆ ಡಬಲ್ ಡೋಸ್, ಬಿಪಿ ಕುಸಿದು ಬೀಳುವುದು ಖಂಡಿತ ಅಚ್ಚರಿಯಲ್ಲ. ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರನ್ನೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಪ್ಯಾರಾಸಿಟಮಾಲ್ ಕೂಡ ಹೀಗೇ: ನೋವಿನ ಮಾತ್ರೆಯಲ್ಲೂ ಇರುತ್ತದೆ, ಶೀತದ ಮಾತ್ರೆಯಲ್ಲೂ ಇರುತ್ತದೆ. ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇದ್ದವರಿಗೆ, ತೂಕ ತೀರ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ.

ಮುಗಿಯುವ ದಿನಾಂಕ ಇಲ್ಲದ ಮಾತ್ರೆ. ಆ್ಯಂಟಿಬಯಾಟಿಕ್ ಎಷ್ಟು ದಿನ? ನಿದ್ದೆ ಮಾತ್ರೆ ಎಷ್ಟು ದಿನ? ವಾರ್ಡ್‌ನಲ್ಲಿ ನಿದ್ದೆ ಬರಲಿಲ್ಲ ಅಂತ ಶುರು ಮಾಡಿದ ಮಾತ್ರೆ ತಿಂಗಳುಗಟ್ಟಲೆ ಮುಂದುವರಿದು, ವಯಸ್ಸಾದವರು ರಾತ್ರಿ ಎದ್ದಾಗ ಬೀಳಲು ಕಾರಣವಾಗಬಹುದು.

ತಟ್ಟನೆ ನಿಲ್ಲಿಸಬಾರದ ಮಾತ್ರೆ. ಸ್ಟೀರಾಯ್ಡ್ ಅನ್ನು ಕೆಲವು ವಾರ ತೆಗೆದುಕೊಂಡಿದ್ದರೆ ಹಂತ ಹಂತವಾಗಿ ಇಳಿಸಬೇಕು, ಯಾವ ದಿನ ಎಷ್ಟು ಅಂತ ಬರೆಸಿಕೊಳ್ಳಿ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಹಲ್ಲು ಕೀಳಿಸುವುದಕ್ಕೂ ಸುಮ್ನೆ ನಿಲ್ಲಿಸಬಾರದು. ಹೃದಯದ ಡಾಕ್ಟರನ್ನು ಕೇಳಿಯೇ ಮುಂದಿನ ಮಾತು.

ಸ್ಟೀರಾಯ್ಡ್ ಮತ್ತು ಇನ್ಸುಲಿನ್. ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಏರಿಸಿರುತ್ತಾರೆ. ಮನೆಯಲ್ಲಿ ಸ್ಟೀರಾಯ್ಡ್ ಇಳಿಯುತ್ತಾ ಹೋದಂತೆ ಇನ್ಸುಲಿನ್ ಇಳಿಸದಿದ್ದರೆ ಶುಗರ್ ತೀರಾ ಕೆಳಗೆ ಹೋಗಬಹುದು. ಎರಡೂ ಇದ್ದರೆ ಯಾವಾಗ ಎಷ್ಟು ಇಳಿಸಬೇಕು ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ.

ಅಂಗಡಿಯಿಂದ ತಂದ ನೋವಿನ ಮಾತ್ರೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಕಿಡ್ನಿಗೆ ಭಾರ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ. ಹೃದಯ ವೈಫಲ್ಯ ಇದ್ದವರು ಮಂಡಿನೋವಿಗೆ ಅಂತ ಇದನ್ನು ತೆಗೆದುಕೊಂಡು ಕಾಲು ಊದಿಸಿಕೊಂಡು ವಾಪಸ್ ಬರುವುದು ಡಾಕ್ಟರುಗಳಿಗೆ ಹೊಸದೇನಲ್ಲ.

ಇನ್ನು ಚೀಟಿಯಲ್ಲಿರುವ ಗುರುತುಗಳು. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು. ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕಾದಾಗ ಮಾತ್ರ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಓಡಿ ಅಂದರೆ ಬಲಗಣ್ಣು ಅಂತಲೂ ಆಗಬಹುದು, ಅಲ್ಲಿ ಕೇಳಿಯೇ ಖಚಿತ ಮಾಡಿಕೊಳ್ಳಿ. ಎಸ್‌ಒಎಸ್ ಅಂತ ಇರುವ ಕಡೆ ಇನ್ನೆರಡು ಪ್ರಶ್ನೆ: ಯಾವ ತೊಂದರೆಗೆ, ದಿನಕ್ಕೆ ಹೆಚ್ಚೆಂದರೆ ಎಷ್ಟು?

ಹೊರಡುವ ಮುನ್ನ ನರ್ಸ್‌ಗೆ ಒಂದು ಕೊನೆಯ ಪ್ರಶ್ನೆ: ಇವತ್ತು ಯಾವ ಯಾವ ಡೋಸ್ ಕೊಟ್ಟಾಗಿದೆ, ಮುಂದಿನದು ಎಷ್ಟು ಗಂಟೆಗೆ? ಇದನ್ನು ಕೇಳದವರು ಮನೆಗೆ ಹೋಗಿ ಅದೇ ಮಾತ್ರೆ ಇನ್ನೊಮ್ಮೆ ಕೊಡುತ್ತಾರೆ, ಇಲ್ಲವೇ ರಾತ್ರಿಯದನ್ನು ತಪ್ಪಿಸುತ್ತಾರೆ.

## ಹಂತ 4: ಮೈಯಲ್ಲಿ ಉಳಿದದ್ದು, ಲ್ಯಾಬ್‌ನಲ್ಲಿ ಉಳಿದದ್ದು

ಮೈಯಲ್ಲಿ ಏನಾದರೂ ಬಿಟ್ಟು ಕಳಿಸುತ್ತಿದ್ದಾರಾ? ಹೊಲಿಗೆ, ಡ್ರೈನ್ (ಗಾಯದ ರಕ್ತ, ನೀರು ಹೊರಹೋಗಲು ಇಟ್ಟ ಕೊಳವೆ), ಮೂತ್ರದ ಕ್ಯಾಥೆಟರ್, ಆಹಾರದ ಟ್ಯೂಬ್, ಡಿಜೆ ಸ್ಟೆಂಟ್. ಪ್ರತಿಯೊಂದಕ್ಕೂ ತೆಗೆಯುವ ಅಥವಾ ಬದಲಾಯಿಸುವ ದಿನಾಂಕ ಬರೆಸಿಕೊಳ್ಳಿ. ಹೊಲಿಗೆಯನ್ನು ಜಾಗ ನೋಡಿ ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ತೆಗೆಯುತ್ತಾರೆ.

ಡಿಜೆ ಸ್ಟೆಂಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕಿಡ್ನಿ ಕಲ್ಲಿನ ಚಿಕಿತ್ಸೆ ಆದ ಮೇಲೆ ಮೂತ್ರನಾಳದಲ್ಲಿ ಬಿಡುವ ಸಣ್ಣ ಕೊಳವೆ ಇದು. ಹೊರಗೆ ಕಾಣುವುದಿಲ್ಲ. ನೋವು ಹೋದ ಮೇಲೆ ಜನ ಅದನ್ನು ಮರೆತೇಬಿಡುತ್ತಾರೆ. ತಿಂಗಳುಗಟ್ಟಲೆ ಉಳಿದರೆ ಅದರ ಮೇಲೇ ಕಲ್ಲು ಕಟ್ಟುತ್ತದೆ, ಸೋಂಕಾಗುತ್ತದೆ, ತೆಗೆಯುವುದೇ ಇನ್ನೊಂದು ಆಪರೇಷನ್ ಆಗುತ್ತದೆ. ತೆಗೆಸುವ ದಿನವನ್ನು ಫೋನಿನಲ್ಲಿ ಅಲಾರಂ ಇಡಿ, ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲೂ ಇಡಿ.

ಶಾಶ್ವತವಾಗಿ ಉಳಿಯುವಂಥದ್ದು, ಅಂದರೆ ಪೇಸ್‌ಮೇಕರ್, ಹೃದಯದ ಸ್ಟೆಂಟ್, ಕೃತಕ ಕೀಲು ಹಾಕಿದ್ದರೆ ಅದರ ಕಾರ್ಡ್ ಅಥವಾ ಸ್ಟಿಕ್ಕರ್ ಕೇಳಿ ಪಡೆಯಿರಿ. ಮುಂದೆ ಎಂಆರ್‌ಐ ಮಾಡಿಸುವಾಗ ಮಾಡೆಲ್ ಯಾವುದು ಅಂತ ಕೇಳುತ್ತಾರೆ.

ಇನ್ನು ಬಾಕಿ ರಿಪೋರ್ಟ್. ಬಯಾಪ್ಸಿ ಫಲಿತಾಂಶಕ್ಕೆ ಹಲವು ದಿನ ಬೇಕು. ರಕ್ತ, ಮೂತ್ರದ ಕಲ್ಚರ್‌ಗೆ (ಸೋಂಕಿನ ಸೂಕ್ಷ್ಮಾಣು ಯಾವುದು ಅಂತ ಬೆಳೆಸಿ ನೋಡುವ ಪರೀಕ್ಷೆ) ಎರಡು ಮೂರು ದಿನ, ಕೆಲವೊಮ್ಮೆ ಜಾಸ್ತಿ. ರೋಗಿ ಮನೆಗೆ ಹೋದ ಮೇಲೆ ಬರುವ ಈ ರಿಪೋರ್ಟ್ ಯಾರ ಮೇಜಿಗೂ ಸೇರದೆ ಉಳಿಯಬಹುದು. ಕಲ್ಚರ್‌ನಲ್ಲಿ ಕಂಡ ಸೂಕ್ಷ್ಮಾಣುವಿಗೆ ಈಗ ಕೊಡುತ್ತಿರುವ ಆ್ಯಂಟಿಬಯಾಟಿಕ್ ನಾಟುವುದಿಲ್ಲ ಅಂತ ಗೊತ್ತಾದರೂ ನಿಮಗೆ ತಿಳಿಸುವವರು ಇರುವುದಿಲ್ಲ. ಯಾವ ಯಾವ ರಿಪೋರ್ಟ್ ಬರಬೇಕು, ಯಾವ ದಿನ, ಯಾರು ನೋಡುತ್ತಾರೆ, ನಾನು ಯಾವ ನಂಬರಿಗೆ ಕರೆ ಮಾಡಲಿ? ನಾಲ್ಕಕ್ಕೂ ಉತ್ತರ ಬರೆದುಕೊಳ್ಳಿ. "ನಾವೇ ಫೋನ್ ಮಾಡುತ್ತೇವೆ" ಅಂದರೂ ನಂಬರ್ ತೆಗೆದುಕೊಳ್ಳಿ.

## ಹಂತ 5: ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ

"ಅರ್ಥವಾಯಿತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು ನೀವೇ ಹೇಳಿ: "ನಾನು ತಿಳಿದುಕೊಂಡಿದ್ದು ಹೀಗೆ, ತಪ್ಪಿದ್ದರೆ ತಿದ್ದಿ." ಆಮೇಲೆ ಮಾತ್ರೆ, ಡ್ರೆಸ್ಸಿಂಗ್, ಊಟದ ಪಥ್ಯ, ಎಷ್ಟು ಓಡಾಡಬಹುದು, ಸ್ನಾನ ಯಾವಾಗ ಅನ್ನುವುದನ್ನೆಲ್ಲ ನಿಮ್ಮ ಮಾತಿನಲ್ಲೇ ಹೇಳಿ.

ಕೈಯಿಂದ ಮಾಡುವ ಕೆಲಸವನ್ನು ಬಾಯಲ್ಲಿ ಕಲಿಯಲು ಆಗುವುದಿಲ್ಲ. ಇನ್ಸುಲಿನ್ ಚುಚ್ಚುವುದು, ಇನ್ಹೇಲರ್ ಎಳೆಯುವುದು, ಕ್ಯಾಥೆಟರ್ ಚೀಲ ಖಾಲಿ ಮಾಡುವುದು, ಗಾಯಕ್ಕೆ ಡ್ರೆಸ್ಸಿಂಗ್, ಇವನ್ನು ನರ್ಸ್ ನೋಡುತ್ತಿರುವಾಗಲೇ ನೀವು ಒಮ್ಮೆ ಮಾಡಿ ತೋರಿಸಿ. ಅವರು ಮಾಡುವುದನ್ನು ವೀಡಿಯೊ ಮಾಡಿಕೊಳ್ಳಬಹುದಾ ಅಂತ ಕೇಳಿ ನೋಡಿ.

## ಹಂತ 6: ಕಾಗದ ಮತ್ತು ಬಿಲ್

ಸಹಿ ಮತ್ತು ಸೀಲ್ ಇರುವ ಸಮ್ಮರಿ, ಔಷಧಿ ಚೀಟಿ, ಎಲ್ಲ ಲ್ಯಾಬ್ ರಿಪೋರ್ಟ್, ಇಸಿಜಿ, ಸ್ಕ್ಯಾನ್ ಫಿಲ್ಮ್ ಅಥವಾ ಸಿಡಿ, ಆಪರೇಷನ್ ಆಗಿದ್ದರೆ ಅದರ ನೋಟ್ಸ್, ವಿವರವಾದ ಬಿಲ್, ಹಣ ಕಟ್ಟಿದ ರಸೀದಿ. ಕೆಲಸಕ್ಕೆ ರಜೆ ಬೇಕಿದ್ದರೆ ವೈದ್ಯಕೀಯ ಪ್ರಮಾಣಪತ್ರ. ಎಲ್ಲದರ ಫೋಟೊ ಅಲ್ಲೇ ತೆಗೆಯಿರಿ. ವಿಮೆಗೆ ಮೂಲ ಪ್ರತಿ ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಆ ಫೋಟೊ ಅಥವಾ ಜೆರಾಕ್ಸ್ ಮಾತ್ರ.

ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಡುತ್ತಿದ್ದರೂ ಸಮ್ಮರಿ ಮತ್ತು ಔಷಧಿ ಚೀಟಿ ಕೇಳಿ ಪಡೆಯಿರಿ. ಹಾಗೆ ಹೊರಟವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಕಾಗದ ಅವರಿಗೇ ಹೆಚ್ಚು ಬೇಕು.

## ಹಂತ 7: ಮನೆಯಲ್ಲಿ ಮೊದಲ ಮೂರು ದಿನ

ಮನೆ ಸೇರಿದ ಕೂಡಲೇ ನಿಲ್ಲಿಸಿದ ಮಾತ್ರೆಗಳನ್ನು ಬೇರೆ ಮಾಡಿ, ಕೈಗೆ ಸಿಗದ ಕಡೆ ಇಡಿ. ಹಳೆಯ ಡಬ್ಬಿಯಲ್ಲೇ ಬಿಟ್ಟರೆ ಅಭ್ಯಾಸಬಲದಿಂದ ಕೈ ಅಲ್ಲಿಗೇ ಹೋಗುತ್ತದೆ. ಮಾತ್ರೆಯ ಚಾರ್ಟ್ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಕೊಟ್ಟ ಮೇಲೆ ಟಿಕ್ ಹಾಕಿ. ಮನೆಯಲ್ಲಿ ನಾಲ್ಕು ಜನ ಇದ್ದರೂ ಜವಾಬ್ದಾರಿ ಒಬ್ಬರದೇ ಇರಲಿ.

ಅಳೆಯಲು ಹೇಳಿದ್ದನ್ನು ದಿನವೂ ಒಂದೇ ಹೊತ್ತಿಗೆ ಅಳೆದು ಬರೆಯಿರಿ. ಹೃದಯ ವೈಫಲ್ಯ ಇದ್ದವರು ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಬೇಕು. ಒಂದು ದಿನದಲ್ಲಿ ಒಂದರಿಂದ ಒಂದೂವರೆ ಕಿಲೋ, ಅಥವಾ ಒಂದು ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಡಾಕ್ಟರಿಗೆ ಕರೆ ಮಾಡಿ. ಅದು ಕೊಬ್ಬಲ್ಲ, ಮೈಯಲ್ಲಿ ನಿಲ್ಲುತ್ತಿರುವ ನೀರು. ಉಸಿರು ಕಟ್ಟುವ ಮೊದಲೇ ತೂಕ ಸುಳಿವು ಕೊಡುತ್ತದೆ.

ಮೂರು ದಿನದೊಳಗೆ ಒಮ್ಮೆ ಆಸ್ಪತ್ರೆಗೆ ಫೋನ್ ಮಾಡಿ. ತೊಂದರೆ ಇಲ್ಲದಿದ್ದರೂ ಮಾಡಿ. ಮಾತ್ರೆಯ ಬಗ್ಗೆ ಹೊಸ ಗೊಂದಲ ಹುಟ್ಟುವುದು ಈ ದಿನಗಳಲ್ಲೇ.

## ಹಂತ 8: ಎಚ್ಚರಿಕೆಯ ಲಕ್ಷಣಗಳು

ಸಮ್ಮರಿಯಲ್ಲಿ "ತೊಂದರೆ ಆದರೆ ಬನ್ನಿ" ಅಂತಷ್ಟೇ ಇದ್ದರೆ ಒಪ್ಪಬೇಡಿ. ಈ ಕಾಯಿಲೆಗೆ ಯಾವ ತೊಂದರೆ, ಎಷ್ಟಾದರೆ, ರಾತ್ರಿಯಾದರೆ ಯಾವ ನಂಬರ್ ಅಂತ ಬರೆಸಿಕೊಳ್ಳಿ. ಕೆಳಗಿನವು ಬಹುತೇಕ ಎಲ್ಲರಿಗೂ ಅನ್ವಯಿಸುತ್ತವೆ.

ಕಾಯದೆ ಆಂಬುಲೆನ್ಸ್ ಕರೆಯಬೇಕಾದವು: ಸುಮ್ಮನೆ ಕೂತಿದ್ದಾಗಲೂ ಉಸಿರಾಟದ ಕಷ್ಟ, ಎದೆನೋವು, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಫಿಟ್ಸ್, ನಿಲ್ಲದ ರಕ್ತಸ್ರಾವ, ರಕ್ತ ವಾಂತಿ, ಆಪರೇಷನ್ ಗಾಯ ಬಿಚ್ಚಿಕೊಳ್ಳುವುದು.

ಅದೇ ದಿನ ಡಾಕ್ಟರನ್ನು ಸಂಪರ್ಕಿಸಬೇಕಾದವು: 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರ. ಗಾಯದ ಸುತ್ತ ಕೆಂಪು ಹರಡುವುದು, ಕೀವು. ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು. ಕ್ಯಾಥೆಟರ್ ತೆಗೆದು ಆರು ಗಂಟೆಯಾದರೂ ಮೂತ್ರ ಬಾರದಿರುವುದು. ಮಾತ್ರೆ ಉಳಿಯದಷ್ಟು ವಾಂತಿ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೊದಲು ಸಕ್ಕರೆ ಅಥವಾ ಗ್ಲೂಕೋಸ್ ಕೊಡಿ, ಆಮೇಲೆ ಫೋನ್ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ. ಕಪ್ಪಗೆ, ಡಾಂಬರಿನಂತೆ ಅಂಟುವ ಮಲ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದನ್ನು ನಿರ್ಧರಿಸುವುದು ಡಾಕ್ಟರ್. ಜೊತೆಗೆ ತಲೆಸುತ್ತು, ಸುಸ್ತು ಇದ್ದರೆ ಫೋನ್ ಮಾಡುತ್ತಾ ಕೂರದೆ ಎಮರ್ಜೆನ್ಸಿಗೆ ಹೋಗಿ.

ಕೀಮೋ ತೆಗೆದುಕೊಳ್ಳುತ್ತಿರುವವರಿಗೆ ಜ್ವರ ಬಂದರೆ ಅದು ಎಮರ್ಜೆನ್ಸಿಯೇ. ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ.

ಮನೆಯವರು ಅತಿ ಹೆಚ್ಚು ಕಡೆಗಣಿಸುವ ಲಕ್ಷಣ ಒಂದಿದೆ. ವಯಸ್ಸಾದವರು ಇದ್ದಕ್ಕಿದ್ದಂತೆ ತಬ್ಬಿಬ್ಬಾಗುವುದು, ಹಗಲಿಡೀ ಮಂಪರಿನಲ್ಲಿರುವುದು, ಸಂಬಂಧ ಇಲ್ಲದ ಮಾತಾಡುವುದು. "ವಯಸ್ಸಾಯ್ತಲ್ಲ" ಅಂತ ಬಿಟ್ಟುಬಿಡುತ್ತಾರೆ. ವಯಸ್ಸಿನ ಮರೆವು ಒಂದೆರಡು ದಿನದಲ್ಲಿ ಬರುವುದಿಲ್ಲ. ಇದರ ಹಿಂದೆ ಸೋಂಕು, ಸೋಡಿಯಂ ಏರುಪೇರು, ಮೂತ್ರ ಕಟ್ಟಿಕೊಂಡಿರುವುದು, ಹೊಸ ಮಾತ್ರೆಯ ಪರಿಣಾಮ, ಏನು ಬೇಕಾದರೂ ಇರಬಹುದು. ಜ್ವರ ಇಲ್ಲದಿದ್ದರೂ ಅದೇ ದಿನ ತೋರಿಸಿ.

## ಹಂತ 9: ಮುಂದಿನ ಭೇಟಿ, ಮತ್ತೆ ಅಡ್ಮಿಟ್ ಆಗಬೇಕಾದರೆ

"ಒಂದು ವಾರದ ನಂತರ ಫಾಲೋಅಪ್" ಅನ್ನುವುದು ಅಪಾಯಿಂಟ್‌ಮೆಂಟ್ ಅಲ್ಲ. ಡಾಕ್ಟರ ಹೆಸರು, ದಿನಾಂಕ, ಸಮಯ, ಹೋಗುವ ಮೊದಲು ಮಾಡಿಸಬೇಕಾದ ರಕ್ತಪರೀಕ್ಷೆ, ಇಷ್ಟೂ ಬೇಕು. ವಾರ್ಡ್‌ನಿಂದ ಹೊರಡುವ ಮೊದಲೇ ಬುಕ್ ಮಾಡಿಸಿ. ಅಮೆರಿಕದ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ರೋಗಿಗಳ ಮೇಲೆ 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರು 30 ದಿನದೊಳಗೆ ಮತ್ತೆ ದಾಖಲಾಗಿದ್ದರು. ಆಪರೇಷನ್ ಇಲ್ಲದ ಕಾಯಿಲೆಗೆ ಸೇರಿ, ಹೀಗೆ ವಾಪಸ್ ಬಂದವರಲ್ಲಿ ಅರ್ಧದಷ್ಟು ಜನ ನಡುವೆ ಯಾವ ಡಾಕ್ಟರ ಬಳಿಗೂ ಹೋದ ದಾಖಲೆ ಇರಲಿಲ್ಲ. ಹೃದಯ ವೈಫಲ್ಯದವರಿಗೆ ಮೊದಲ ಭೇಟಿ 7ರಿಂದ 14 ದಿನದೊಳಗೆ ಆಗಬೇಕು ಅನ್ನುತ್ತಾರೆ ತಜ್ಞರು.

ಭೇಟಿಗೆ ಹೋಗುವಾಗ ಸಮ್ಮರಿ, ಚಾರ್ಟ್, ಅಳೆದು ಬರೆದ ನೋಟ್‌ಬುಕ್, ಎಲ್ಲ ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಎರಡು ಮೂರು ಸ್ಪೆಷಲಿಸ್ಟ್‌ಗಳು ಇದ್ದರೆ ಯಾವ ಮಾತ್ರೆ ಯಾರ ಹೊಣೆ ಅಂತ ಅಲ್ಲೇ ಕೇಳಿ. ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೆ ತಾನಾಗಿ ಗೊತ್ತಾಗುವುದಿಲ್ಲ.

ಮತ್ತೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಆದಷ್ಟು ಅದೇ ಆಸ್ಪತ್ರೆಗೆ ಹೋಗಿ, ಅಲ್ಲಿ ಹಳೆಯ ದಾಖಲೆ ಇರುತ್ತದೆ. ಪ್ರಾಣಾಪಾಯ ಇದ್ದರೆ ಮಾತ್ರ ಹತ್ತಿರದ್ದು ಯಾವುದೋ ಅದು. ಎಮರ್ಜೆನ್ಸಿಯಲ್ಲಿ ಮೊದಲ ಮಾತೇ ಹೀಗಿರಲಿ: "ಇಂಥ ದಿನ ಇಂಥ ಕಾಯಿಲೆಗೆ ಡಿಸ್ಚಾರ್ಜ್ ಆಗಿದ್ದಾರೆ, ಕೊನೆಯ ಡೋಸ್ ಇಷ್ಟು ಗಂಟೆಗೆ ಕೊಟ್ಟಿದ್ದೇವೆ, ಇಂಥದ್ದಕ್ಕೆ ಅಲರ್ಜಿ ಇದೆ." ಆಮೇಲೆ ಸಮ್ಮರಿ ಕೊಡಿ. ಎರಡನೇ ಬಾರಿ ಬಿಡುಗಡೆಯಾಗುವಾಗ ಹಳೆಯ ಚಾರ್ಟನ್ನು ಗೋಡೆಯಿಂದ ಕಿತ್ತು ಹಾಕಿ, ಹೊಸ ಚೀಟಿ ಇಟ್ಟುಕೊಂಡು ಮೂರನೇ ಹಂತದ ನಾಲ್ಕು ಕಾಲಂ ಮತ್ತೆ ಮೊದಲಿನಿಂದ ಬರೆಯಿರಿ. ಹಳೆಯ ಹಾಳೆಯಲ್ಲೇ ಅಲ್ಲಿ ಇಲ್ಲಿ ತಿದ್ದಿಕೊಂಡರೆ ಯಾವುದು ಈಗಿನದು, ಯಾವುದು ಹಳೆಯದು ಅಂತ ಎರಡೇ ದಿನಕ್ಕೆ ಗೊತ್ತಾಗದಂತಾಗುತ್ತದೆ.